ನಲವತ್ತು ಹೆಜ್ಜೆಗಳ ಆಚೆ

“ಏನೂ ಮಾಡುವುದಿಲ್ಲ ತಾನೇ?” ಎಂಬ ಪ್ರಶ್ನೆಯನ್ನು ಕಳೆದ ಎರಡೂವರೆ ವರ್ಷಗಳಲ್ಲಿ ಎಷ್ಟು ಬಾರಿ ಕೇಳಿಸಿಕೊಂಡಿದ್ದೇನೆಂದು ಲೆಕ್ಕವಿಟ್ಟಿಲ್ಲ. ಕಬ್ಬನ್ ಪಾರ್ಕಿಗೆ ಬೆಳಗಿನ ನಡಿಗೆಗೆಂದು ಬಂದವರು ನನ್ನ ಪಕ್ಕದಲ್ಲಿರುವ ಕೆಂಚಿಯನ್ನು ನೋಡಿ ಹೀಗೆ ಕೇಳುತ್ತಾರೆ. ಕೆಲವರು ಹೆದರಿ, ಎರಡು ಹೆಜ್ಜೆ ಹಿಂದೆ ಸರಿದು ಕೇಳುತ್ತಾರೆ. ಕೆಲವರು ಆಗಲೇ ಬಗ್ಗಿ ಕೈ ಚಾಚುತ್ತ ಕೇಳುತ್ತಾರೆ. ಇಬ್ಬರಿಗೂ ನಾನು ಹೇಳುವ ಉತ್ತರ ಒಂದೇ: ಅವಳಿಗೆ ಹೊಸಬರನ್ನು ಕಂಡರೆ ಭಯ, ದಯವಿಟ್ಟು ಸ್ವಲ್ಪ ದೂರವಿರಿ. ಮೊದಲನೆಯವರು ಇದನ್ನು ನಂಬುವುದಿಲ್ಲ, ಏಕೆಂದರೆ ನಾಯಿಗೆ ಮನುಷ್ಯರ ಭಯವಿರಬಹುದೆಂದು ಅವರು ಎಣಿಸಿರುವುದಿಲ್ಲ. ಎರಡನೆಯವರು ಬೇಸರಪಟ್ಟುಕೊಳ್ಳುತ್ತಾರೆ, ಏಕೆಂದರೆ ತಮ್ಮನ್ನು ಕಂಡರೆ ಎಲ್ಲ ನಾಯಿಗಳಿಗೂ ಪ್ರೀತಿಯೆಂದು ಅವರು ನಂಬಿರುತ್ತಾರೆ. ಹೆದರಿದ ನಾಯಿಗೂ ಅದರೆದುರು ನಿಂತ ಅಪರಿಚಿತರಿಗೂ ನಡುವೆ ಇರುವ ಕೆಲವು ಹೆಜ್ಜೆಗಳ ನೆಲ ಇಷ್ಟು ದಿನವೂ ನನ್ನ ಮನಸ್ಸನ್ನು ಹಿಡಿದುಕೊಂಡಿದೆ. ಅಂಜುವ ನಾಯಿಯನ್ನು ಸಾರ್ವಜನಿಕ ಉದ್ಯಾನಕ್ಕೆ ಒಗ್ಗಿಸುವುದೆಂದರೆ ಆ ನೆಲವನ್ನು ಅಳೆಯುವುದು, ಕಾಯುವುದು, ಅವಳು ಬಿಟ್ಟುಕೊಟ್ಟ ದಿನ ಮಾತ್ರ ಒಂದು ಹೆಜ್ಜೆ ಕಡಿಮೆ ಮಾಡುವುದು. ಬೇರೆ ದಾರಿ ನನಗೆ ಸಿಗಲಿಲ್ಲ.

ಕೆಂಚಿ ನಾಡತಳಿಯ ಹೆಣ್ಣುನಾಯಿ. ನಮ್ಮ ಬೀದಿಯ ಕೊನೆಯಲ್ಲಿ ಕಟ್ಟಡವೊಂದು ಏಳುತ್ತಿದ್ದಾಗ, ಅಲ್ಲಿನ ಮರಳಿನ ರಾಶಿಯ ಹಿಂದೆ ಹುಟ್ಟಿದ ಮರಿಗಳಲ್ಲಿ ಉಳಿದವಳು ಇವಳೊಬ್ಬಳೇ. ಕೆಲಸ ಮುಗಿದು ಕಾರ್ಮಿಕರ ಕುಟುಂಬಗಳು ತಗಡಿನ ಶೆಡ್ಡುಗಳನ್ನು ಕಳಚಿಕೊಂಡು ಹೊರಟುಹೋದ ಮೇಲೆ ಹೊಸದಾಗಿ ಬಂದ ಕಾವಲಿನವರು ಅವಳನ್ನು ಕೋಲು ಬೀಸಿ ಓಡಿಸುತ್ತಿದ್ದರು. ನಾನು ಮನೆಗೆ ಕರೆತಂದಾಗ ಅವಳಿಗೆ ಸುಮಾರು ಆರು ತಿಂಗಳು. ಮನೆಯವರೊಂದಿಗೆ ಹದಿನೈದು ದಿನಗಳಲ್ಲಿ ಹೊಂದಿಕೊಂಡಳು. ಅಡುಗೆಮನೆಯ ಹೊಸ್ತಿಲ ಮೇಲೆ ತಲೆಯಿಟ್ಟು ಮಲಗುವಷ್ಟು ನಂಬಿಕೆ ಬಂದಿತು. ಆದರೆ ಗೇಟಿನಾಚೆ ಕಾಲಿಟ್ಟೊಡನೆ ಬಾಲ ಹೊಟ್ಟೆಯಡಿಗೆ ಸೇರುತ್ತಿತ್ತು. ಕೋಲು, ಛತ್ರಿ, ಹೆಲ್ಮೆಟ್ಟು, ಹೆಗಲಿನ ದೊಡ್ಡ ಚೀಲ, ಇದ್ದಕ್ಕಿದ್ದಂತೆ ಎದ್ದುನಿಲ್ಲುವ ಗಂಡಸು, ಓಡಿಬರುವ ಮಗು, ಇವೆಲ್ಲವೂ ಅವಳಿಗೆ ಭಯಂಕರವಾಗಿದ್ದವು. ಜೆಸಿಬಿಯ ಸದ್ದಿಗಾಗಲಿ ಕಾಂಕ್ರೀಟು ಕಲೆಸುವ ಯಂತ್ರದ ಸದ್ದಿಗಾಗಲಿ ಅವಳು ಕಿವಿಯನ್ನೂ ಅಲುಗಿಸುತ್ತಿರಲಿಲ್ಲ ಎಂಬುದು ಆರಂಭದಲ್ಲಿ ನನಗೆ ಒಗಟಾಗಿತ್ತು.

ಆ ಒಗಟಿಗೆ ಉತ್ತರ ನಾಯಿಮರಿಯ ಬೆಳವಣಿಗೆಯಲ್ಲಿದೆ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಹಲವು ವರ್ಷಗಳ ಕಾಲ ನಾಯಿಮರಿಗಳನ್ನು ಅಭ್ಯಸಿಸಿ 1965ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರು, ಮರಿಗೆ ಜಗತ್ತು ಪರಿಚಯವಾಗುವ ಮುಖ್ಯ ಕಾಲ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಎಂದು ಗುರುತಿಸಿದರು. ಆ ದಿನಗಳಲ್ಲಿ ನಿರ್ಭಯವಾಗಿ ಕಂಡ, ಮೂಸಿದ, ಕೇಳಿಸಿಕೊಂಡ ವಸ್ತುಗಳೆಲ್ಲ ಮುಂದೆ ಸಹಜವೆನಿಸುತ್ತವೆ. ಕಾಣದೆ ಉಳಿದವು ಅನುಮಾನಕ್ಕೆ ಕಾರಣವಾಗುತ್ತವೆ. ಕೆಂಚಿಯ ಆ ವಾರಗಳು ಜೆಸಿಬಿಯ ನೆರಳಿನಲ್ಲಿ, ಎರಡು ಮೂರು ಕುಟುಂಬಗಳ ಮಡಿಲಿನಲ್ಲಿ ಕಳೆದಿದ್ದವು. ಅವಳ ಜಗತ್ತು ಅಷ್ಟಕ್ಕೇ ಪೂರ್ಣವಾಗಿತ್ತು, ನಂತರ ಬಂದವರು ಅದರೊಳಗೆ ಕೋಲು ಹಿಡಿದು ಬಂದಿದ್ದರು.

ಆ ಭಾನುವಾರ

ಕರೆತಂದ ಎರಡು ತಿಂಗಳಿಗೆ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದೇ ತಪ್ಪನ್ನು ಮಾಡುತ್ತಿರುವವರನ್ನು ಈಗ ವಾರಕ್ಕೊಮ್ಮೆಯಾದರೂ ನೋಡುತ್ತೇನೆ. “ಜನರ ಮಧ್ಯೆ ಬಿಡಿ, ನಾಲ್ಕು ದಿನ ಹೆದರುತ್ತದೆ, ಐದನೆಯ ದಿನ ತಾನೇ ಸರಿಹೋಗುತ್ತದೆ” ಎಂದು ಬಲ್ಲವರು ಹೇಳಿದ್ದರು. ನಮ್ಮ ಬಡಾವಣೆಯ ಉದ್ಯಾನದ ಗೇಟಿನಲ್ಲಿ ನಾಯಿಗಳಿಗೆ ಪ್ರವೇಶವಿಲ್ಲವೆಂಬ ಫಲಕವಿದೆ, ಲಾಲ್‌ಬಾಗಿನೊಳಗೂ ಸಾಕುನಾಯಿಗಳನ್ನು ಬಿಡುವುದಿಲ್ಲ. ಉಳಿದದ್ದು ಕಬ್ಬನ್ ಪಾರ್ಕು. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನಗಳಿರುವುದಿಲ್ಲವಾದ್ದರಿಂದ ಅದೇ ಒಳ್ಳೆಯ ದಿನವೆಂದು ಎಣಿಸಿದೆ. ವಾಹನಗಳಿಲ್ಲದ ಜಾಗವನ್ನು ಜನ ತುಂಬುತ್ತಾರೆಂಬುದು ನನಗೆ ಹೊಳೆಯಲಿಲ್ಲ. ಹಡ್ಸನ್ ವೃತ್ತದ ಕಡೆಯಿಂದ ಒಳಗೆ ಬಂದಾಗ ಸೈಕಲ್ಲುಗಳು, ಚಕ್ರದ ಪಾದರಕ್ಷೆ ತೊಟ್ಟ ಮಕ್ಕಳು, ಕ್ಯಾಮೆರಾ ಹಿಡಿದವರು, ಬಾಲಭವನದ ಪುಟಾಣಿ ರೈಲಿಗೆ ಹೊರಟ ಸಂಸಾರಗಳು, ಅವರ ಕೈಯ ಬಲೂನುಗಳು, ಬೇರೆ ಬೇರೆ ತಳಿಯ ಹತ್ತಾರು ನಾಯಿಗಳು.

ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಹತ್ತಿರ ಬರುವಷ್ಟರಲ್ಲಿ ಕೆಂಚಿ ಮತ್ತೆ ಮತ್ತೆ ತುಟಿ ನೆಕ್ಕುತ್ತಿದ್ದಳು, ಆಕಳಿಸುತ್ತಿದ್ದಳು. ಬೇಗ ಎದ್ದಿದ್ದಾಳೆ, ನಿದ್ದೆ ಸಾಲದೆ ಹೀಗೆ ಎಂದುಕೊಂಡೆ. ಮುಂಗಾಲೊಂದನ್ನು ಎತ್ತಿ ನಿಂತಳು. ಮುಳ್ಳು ಚುಚ್ಚಿರಬೇಕೆಂದು ಪಾದ ನೋಡಿದೆ. ಆಮೇಲೆ ಅವಳು ಎಳೆಯುವುದನ್ನೂ ಕುಯ್ಗುಟ್ಟುವುದನ್ನೂ ನಿಲ್ಲಿಸಿ ಮರದಂತೆ ನಿಂತುಬಿಟ್ಟಳು. ಎಷ್ಟು ಶಾಂತಳಾಗಿದ್ದಾಳೆಂದು ಮನೆಗೆ ಫೋನು ಮಾಡಿ ಸಂತೋಷದಿಂದ ಹೇಳಿದೆ. ಆ ಮಾತು ಮುಗಿಯುವ ಮೊದಲೇ ಒಬ್ಬ ಯುವಕರು ನಗುತ್ತ ಬಂದು, “ನಮ್ಮ ಮನೆಯಲ್ಲೂ ಎರಡಿವೆ, ನನಗೆ ನಾಯಿಯೆಂದರೆ ಪ್ರಾಣ” ಎನ್ನುತ್ತ ಮಂಡಿಯೂರಿ, ಅವಳ ತಲೆಯ ಮೇಲೆ ಕೈಯಿಡಲು ಹೋದರು. ಕೆಂಚಿ ಗಾಳಿಯಲ್ಲಿ ಕಚ್ಚಿದಳು. ಹಲ್ಲುಗಳು ತಾಕಿದ ಸದ್ದು ನನಗೆ ಕೇಳಿಸಿತು. ಅವರ ಕೈಗೆ ಗಾಯವಾಗಲಿಲ್ಲ. ಮರುಕ್ಷಣ ಅವಳು ಹಿಂದಕ್ಕೆ ಜಗ್ಗಿದಳು, ಕೊರಳ ಬೆಲ್ಟು ಕಿವಿಗಳ ಮೇಲಿಂದ ಜಾರಿತು, ನನ್ನ ಕೈಯಲ್ಲಿ ಬರಿಯ ಹಗ್ಗ ಉಳಿಯಿತು.

ಅವಳು ಕಸ್ತೂರಬಾ ರಸ್ತೆಯ ದಿಕ್ಕಿಗೆ ಓಡಿದ್ದಳು. ಆ ರಸ್ತೆಯ ಭಾನುವಾರದ ವಾಹನಗಳನ್ನು ನೆನೆದುಕೊಂಡು ನಾನು ಹೆಸರು ಕೂಗುತ್ತ ಓಡಿದ ನಲವತ್ತು ನಿಮಿಷಗಳನ್ನು ವರ್ಣಿಸಲಾರೆ. ಕೊನೆಗೆ ಕಸ ಗುಡಿಸುತ್ತಿದ್ದ ಒಬ್ಬ ಹೆಂಗಸು ಬಿದಿರುಮೆಳೆಯೊಂದರ ಕಡೆಗೆ ಬೆರಳು ತೋರಿಸಿದರು. “ಅಲ್ಲಿದೆ ನೋಡಮ್ಮ. ನೀನು ಹತ್ತಿರ ಹೋಗಬೇಡ, ಕೂಗಲೂಬೇಡ. ಇಲ್ಲೇ ಕೂತ್ಕೊ, ಅದೇ ಬರುತ್ತೆ” ಎಂದರು. ಮೆಳೆಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತೆ. ಅವರೂ ಪೊರಕೆಯನ್ನು ಕೆಳಗಿಟ್ಟು ದೂರ ಸರಿದರು. ಕಾಲುಗಂಟೆಯಾದ ಮೇಲೆ ನನ್ನ ಮೊಣಕೈಗೆ ಒದ್ದೆ ಮೂಗು ತಾಕಿತು. ನಾಯಿ ಪಳಗಿಸುವ ವಿಚಾರವಾಗಿ ನಾನು ನಂತರ ಓದಿದ್ದೆಲ್ಲವೂ ಆ ಹೆಂಗಸು ಹೇಳಿದ ಮೂರು ಮಾತಿನ ವಿವರಣೆಯಂತೆ ನನಗೆ ಕಂಡಿದೆ. ಅವರನ್ನು ಮತ್ತೆ ಹುಡುಕಿದೆ, ಸಿಗಲಿಲ್ಲ.

ಆಕಳಿಕೆ, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಮುಖ ತಿರುಗಿಸುವುದು, ಕಾರಣವಿಲ್ಲದೆ ನೆಲ ಮೂಸುವುದು, ಮೈ ಒದ್ದೆಯಿಲ್ಲದಿದ್ದರೂ ಒದರಿಕೊಳ್ಳುವುದು ಇವೆಲ್ಲ ಒತ್ತಡದಲ್ಲಿರುವ ನಾಯಿ ಬೊಗಳುವುದಕ್ಕೆ ಬಹಳ ಮೊದಲೇ ಆಡುವ ಮಾತುಗಳು. ಆ ಬೆಳಗ್ಗೆ ಅವಳು ಅಷ್ಟನ್ನೂ ಆಡಿದ್ದಳು, ನಾನು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಮರದಂತೆ ನಿಂತದ್ದು ಶಾಂತಿಯಲ್ಲ, ಓಡಲೂ ಆಗದೆ ಎದುರಿಸಲೂ ಆಗದೆ ಮರಗಟ್ಟಿದ್ದು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ನಮ್ಮ ಗಾದೆಯನ್ನು ನಾಯಿಯ ಮುಂದೆ ಯಾರೂ ನೆಚ್ಚಿಕೊಳ್ಳಬಾರದು. ಹೆದರಿದ ನಾಯಿ ಬೊಗಳುವುದು ದೂರ ಹೋಗೆಂದು ಹೇಳುವುದಕ್ಕೆ. ಆ ಮಾತು ನಡೆಯದಿದ್ದರೆ ಅದರ ಬಳಿ ಉಳಿಯುವುದು ಹಲ್ಲು ಮಾತ್ರ. ಗುರುಗುಟ್ಟಿದ ನಾಯಿಯನ್ನು ಗದರಿಸುವವರು ಭಯವನ್ನು ಕಳೆಯುವುದಿಲ್ಲ, ಮುನ್ನೆಚ್ಚರಿಕೆಯನ್ನಷ್ಟೇ ಕಳೆಯುತ್ತಾರೆ. ಮುಂದೆ ಅದು ಗುರುಗುಟ್ಟದೆಯೇ ಕಚ್ಚಬಹುದು.

ತಿನ್ನುತ್ತಾಳೋ ಇಲ್ಲವೋ

ಆ ಘಟನೆಯ ನಂತರ ಎರಡು ತಿಂಗಳು ನಾವು ಯಾವ ಉದ್ಯಾನಕ್ಕೂ ಹೋಗಲಿಲ್ಲ. ಮೊದಲು ಪಶುವೈದ್ಯರಲ್ಲಿಗೆ ಹೋದೆವು. ಕಿವಿ, ಹಲ್ಲು, ಕೀಲುಗಳಲ್ಲಿ ನೋವಿದ್ದರೂ ನಾಯಿ ಹೀಗೆಯೇ ವರ್ತಿಸುತ್ತದೆ, ಆದ್ದರಿಂದ ಅದನ್ನು ಮೊದಲು ನೋಡಬೇಕು ಎಂದರು. ಕೆಲವು ನಾಯಿಗಳಿಗೆ ಭಯವನ್ನು ತಗ್ಗಿಸುವ ಔಷಧಿಯೂ ಬೇಕಾಗುತ್ತದೆಯಂತೆ, ಕೆಂಚಿಗೆ ಬೇಕಾಗಲಿಲ್ಲ. ಕೊರಳ ಬೆಲ್ಟಿನ ಜಾಗಕ್ಕೆ ಎದೆ ಮತ್ತು ಬೆನ್ನನ್ನು ಬಳಸಿ ಕಟ್ಟುವ ಹಾರ್ನೆಸ್ ಬಂದಿತು, ಗಿಡ್ಡ ಚೈನಿನ ಬದಲು ಐದು ಮೀಟರಿನ ಮೆತ್ತನೆಯ ಹಗ್ಗ ಬಂದಿತು. ನನ್ನ ಕೈ ಬಿಗಿದರೆ ಅದು ಹಗ್ಗದ ಮೂಲಕ ಅವಳ ಮೈಗೆ ತಿಳಿಯುತ್ತದೆ. ದನಕ್ಕೆ ಕಟ್ಟುವ ಬಾಯಿಕುಕ್ಕೆಯಂಥದ್ದು ನಾಯಿಗೂ ಸಿಗುತ್ತದೆ. ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಅವಕಾಶವಿರುವ ಅದನ್ನು ಮನೆಯಲ್ಲಿಯೇ ತಿಂಡಿಯಿಟ್ಟು ರೂಢಿ ಮಾಡಿಸಿದೆ. ಅದನ್ನು ನೋಡಿ ಜನ ಇವಳನ್ನು ಕ್ರೂರಿಯೆಂದುಕೊಂಡು ದೂರ ಹೋದರೆ ನಮಗೆ ಅನುಕೂಲವೇ ಆಯಿತು.

ತಾರಸಿಯ ಮೇಲೆ ಎರಡು ಮಾತುಗಳನ್ನು ಕಲಿಸಿದೆ. “ಇಲ್ಲಿ ನೋಡು” ಎಂದರೆ ನನ್ನ ಮುಖ ನೋಡಬೇಕು. “ಬಾ ಹೋಗೋಣ” ಎಂದರೆ ಇಬ್ಬರೂ ತಿರುಗಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು. ಎರಡನೆಯದೇ ಹೆಚ್ಚು ಮುಖ್ಯವಾಯಿತು. ಹಿಂದಕ್ಕೆ ಹೋಗಲು ದಾರಿಯಿದೆಯೆಂದು ತಿಳಿದಿರುವ ನಾಯಿಗೆ ಮುಂದಕ್ಕೆ ನೋಡುವ ಧೈರ್ಯ ಬರುತ್ತದೆ. ತಾರಸಿಯಲ್ಲಿ ಕಲಿತದ್ದು ಬೀದಿಯಲ್ಲಿ ತಾನಾಗಿಯೇ ಬರುವುದಿಲ್ಲ. ನಾಯಿಗೆ ಜಾಗ ಬದಲಾದರೆ ಪಾಠವೂ ಹೊಸದೇ. ಆದ್ದರಿಂದ ಗೇಟಿನ ಬಳಿ, ನಸುಕಿನ ಖಾಲಿ ಬೀದಿಯಲ್ಲಿ, ಮುಚ್ಚಿದ ಅಂಗಡಿಗಳ ಮುಂದಿನ ವಾಹನ ನಿಲ್ಲಿಸುವ ಜಾಗದಲ್ಲಿ, ಹೀಗೆ ಪ್ರತಿಯೊಂದು ಕಡೆಯೂ ಮೊದಲಿನಿಂದ ಹೇಳಿಕೊಟ್ಟೆ. ಆಮೇಲೆ ವಾರದ ನಡುವಿನ ದಿನಗಳಲ್ಲಿ, ಆರೂವರೆ ಗಂಟೆಗೆ, ಮತ್ತೆ ಕಬ್ಬನ್ ಪಾರ್ಕು. ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ.

ಕೆಲಸದ ತಿರುಳು ಇಷ್ಟು. ದೂರದಲ್ಲಿ ಒಬ್ಬ ಮನುಷ್ಯ ಕಾಣಿಸುತ್ತಾನೆ. ಕೆಂಚಿ ಅವನನ್ನು ನೋಡುತ್ತಾಳೆ. ನೋಡಿದೊಡನೆ ಒಂದು ಸಣ್ಣ ತುಂಡು ಬೇಯಿಸಿದ ಕೋಳಿಮಾಂಸ ಅವಳ ಮುಂದೆ ಬೀಳುತ್ತದೆ. ಅವನು ಕಣ್ಮರೆಯಾಗುತ್ತಾನೆ, ಕೋಳಿಯೂ ನಿಲ್ಲುತ್ತದೆ. ಅವಳು ಕೂರಬೇಕಿಲ್ಲ, ಕೈ ಕೊಡಬೇಕಿಲ್ಲ, ಏನನ್ನೂ ಮಾಡಿ ತೋರಿಸಬೇಕಿಲ್ಲ. ಅಪರಿಚಿತ ಮನುಷ್ಯ ಬಂದರೆ ಒಳ್ಳೆಯದಾಗುತ್ತದೆ ಎಂಬ ನಂಟು ಮನಸ್ಸಿನಲ್ಲಿ ಬೆಳೆಯಬೇಕು, ಅಷ್ಟೆ. ಇದೆಲ್ಲ ನಡೆಯುವುದು ಮನುಷ್ಯ ಸಾಕಷ್ಟು ದೂರದಲ್ಲಿದ್ದಾಗ ಮಾತ್ರ, ಮತ್ತು ಸಾಕಷ್ಟು ದೂರವೆಂದರೆ ಎಷ್ಟೆಂದು ಹೇಳುವವಳು ಅವಳೇ. ಮನೆಯಲ್ಲಿ ಹಾರಿ ಹಿಡಿಯುವ ಕೋಳಿಯನ್ನು ಅವಳು ಇಲ್ಲಿ ಮೂಸಿಯೂ ನೋಡದಿದ್ದರೆ ನಾವು ಆಗಲೇ ಹೆಚ್ಚು ಹತ್ತಿರ ಬಂದಿದ್ದೇವೆಂದು ಅರ್ಥ. ಮೆತ್ತಗೆ ತೆಗೆದುಕೊಂಡರೆ ಸರಿಯಾದ ದೂರ. ಬೆರಳು ಕಚ್ಚುವಂತೆ ಕಿತ್ತುಕೊಂಡರೆ ಅಂಚಿನಲ್ಲಿದ್ದೇವೆ. ಮೊದಲ ದಿನ ಆ ದೂರವನ್ನು ಹೆಜ್ಜೆಯಲ್ಲಿ ಅಳೆದಾಗ ಅರವತ್ತಕ್ಕೂ ಮೀರಿತ್ತು. ನಗರದ ಬೇರೆ ಯಾವ ಜಾಗದಲ್ಲಿ ಒಂದು ನಾಯಿಗೆ ಅರವತ್ತು ಹೆಜ್ಜೆಗಳ ತೆರೆದ ನೆಲ ಸಿಕ್ಕೀತು? ಉದ್ಯಾನ ನಮಗೆ ಅನಿವಾರ್ಯವಾದದ್ದು ಅದಕ್ಕಾಗಿಯೇ.

ಇಲ್ಲಿ ನಾನು ಮೂರು ವಾರ ಕ್ರಮವನ್ನೇ ತಲೆಕೆಳಗು ಮಾಡಿದ್ದೆ. ಯಾರಾದರೂ ಬರುತ್ತಿರುವುದು ನನಗೆ ಮೊದಲೇ ಕಂಡರೆ, ಅವಳು ಹೆದರದಿರಲಿ ಎಂದು ಕೂಡಲೇ ಪೊಟ್ಟಣ ಬಿಚ್ಚುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ಪೊಟ್ಟಣದ ಸರಬರ ಸದ್ದು ಕೇಳಿದರೆ ಸಾಕು, ಕೆಂಚಿ ಕಿವಿ ಹಿಂದಕ್ಕೆ ಮಡಚಿ ಯಾರು ಬಂದರೆಂದು ಸುತ್ತ ನೋಡಲಾರಂಭಿಸಿದ್ದಳು. ಕೋಳಿಯೇ ಅಪಾಯದ ಗಂಟೆಯಾಗಿತ್ತು. ಮನುಷ್ಯ ಮೊದಲು, ತಿಂಡಿ ಆಮೇಲೆ ಎಂಬ ಕ್ರಮ ಅರ್ಧ ಕ್ಷಣದ ವಿಷಯವಾದರೂ ಎಲ್ಲವೂ ಅದರ ಮೇಲೆ ನಿಂತಿದೆ. ಪೊಟ್ಟಣವನ್ನು ಬಿಟ್ಟು ಸೊಂಟಕ್ಕೆ ಬಟ್ಟೆಯ ಚೀಲ ಕಟ್ಟಿಕೊಂಡೆ, ಅವಳು ನೋಡುವವರೆಗೆ ಕೈಯನ್ನು ಚೀಲದ ಹತ್ತಿರ ಒಯ್ಯದಿರುವುದನ್ನು ಅಭ್ಯಾಸ ಮಾಡಿಕೊಂಡೆ.

ಭಯ ಒಂದರ ಮೇಲೊಂದು ಕೂಡುತ್ತದೆಂಬುದು ನನಗೆ ತಡವಾಗಿ ತಿಳಿಯಿತು. ಒಂದು ಮುಂಜಾನೆ ಆಟೋ ಒಂದು ಢಮ್ಮೆಂದು ಹೊಗೆಯುಗುಳಿತು, ಸ್ವಲ್ಪ ಹೊತ್ತಿಗೆ ಸೈಕಲ್ಲೊಂದು ಹಿಂದಿನಿಂದ ಹಾದುಹೋಯಿತು, ಕಿವಿಯ ತುದಿ ಕತ್ತರಿಸಿದ ಗುರುತಿದ್ದ ಪಾರ್ಕಿನ ನಾಯಿಯೊಂದು ತನ್ನ ಸೀಮೆಯಿದೆಂದು ಬೊಗಳಿತು. ಮೂರನ್ನೂ ತಡೆದುಕೊಂಡ ಕೆಂಚಿ ನಾಲ್ಕನೆಯದಾಗಿ ಬಂದ, ದಿನವೂ ನೋಡುವ ಅಜ್ಜಿಯೊಬ್ಬರ ಮೇಲೆ ಹಾರಿಬೀಳುವಂತೆ ಬೊಗಳಿದಳು. ಅಂಥ ದಿನದ ಮರುದಿನ, ಅದರ ಮರುದಿನವೂ, ಮನೆಯಲ್ಲೇ ಇರುತ್ತೇವೆ. ಮತ್ತೊಂದು ಮಾತು: ಹೆದರಿದಾಗ ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ, ಮುದ್ದಿಸಬೇಡಿ ಎಂದು ಅನೇಕರು ಬುದ್ಧಿ ಹೇಳಿದ್ದಾರೆ. ಭಯವೆಂಬುದು ತಿಂಡಿಯಾಸೆಗೆ ಮಾಡಿ ತೋರಿಸುವ ಕಸರತ್ತಲ್ಲ. ಗುಡುಗಿಗೆ ಬೆಚ್ಚಿದ ಮಗುವನ್ನು ಎತ್ತಿಕೊಂಡದ್ದರಿಂದ ಯಾವ ಮಗುವೂ ಗುಡುಗಿಗೆ ಹೆಚ್ಚು ಹೆದರಿದ್ದನ್ನು ನಾನು ಕಂಡಿಲ್ಲ. ಕೆಂಚಿ ನನ್ನ ಕಾಲುಗಳ ನಡುವೆ ಬಂದು ನಿಂತರೆ ನಾನು ಅವಳ ಎದೆಯ ಮೇಲೆ ಕೈಯಿಟ್ಟು ನಿಲ್ಲುತ್ತೇನೆ.

ಈ ಕ್ರಮದ ಮೂಲವನ್ನು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ನಾಯಿಯಲ್ಲ, ಒಂದು ಮಗು. ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಅವರು 1924ರಲ್ಲಿ, ಮೊಲವನ್ನು ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಮೂರು ವರ್ಷ ತುಂಬದ ಬಾಲಕನ ವಿಷಯವಾಗಿ ಬರೆದರು. ಅವನು ತನಗಿಷ್ಟವಾದುದನ್ನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ಅವನ ಊಟಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಮೊಲ ತನ್ನ ಬೆರಳನ್ನು ಮೆಲ್ಲಗೆ ಕಡಿಯಲೂ ಆ ಹುಡುಗ ಬಿಟ್ಟ. ಆದರೆ ಈ ಕಥೆಯ ನಡುವಿನ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಉಳಿದಿದೆ. ಕಾಯಿಲೆಯಾಗಿ ಆಸ್ಪತ್ರೆ ಸೇರಿದ್ದ ಪೀಟರ್ ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಅವನ ಮೇಲೆಯೂ ಜೊತೆಗಿದ್ದ ದಾದಿಯ ಮೇಲೆಯೂ ಹಾರಿತು. ಅಷ್ಟು ದಿನ ಕಳೆದಿದ್ದ ಮೊಲದ ಭಯವೆಲ್ಲ ಅವನಿಗೆ ಮರಳಿ ಬಂದಿತು. ಅವರು ಮತ್ತೆ ದೂರದಿಂದಲೇ ಆರಂಭಿಸಿದರು. ಕೆಂಚಿಯ ಕೆಟ್ಟ ದಿನಗಳಲ್ಲಿ ನನಗೆ ಇದು ಬಹಳ ಸಮಾಧಾನ ಕೊಟ್ಟಿದೆ.

ನಾವು ನಡೆಯುವ ದಾರಿಯಿಂದ ಸ್ವಲ್ಪ ದೂರದಲ್ಲಿ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನವಿದೆ. ಮದ್ದೂರಿನ ಬಳಿಯ ಆತಕೂರಿನಲ್ಲಿ ಸುಮಾರು 950ರಲ್ಲಿ ನಿಲ್ಲಿಸಿದ ಆ ಕಲ್ಲು, ಗಂಗರ ದೊರೆ ಬೂತುಗನಿಂದ ಮಣಲೇರನೆಂಬ ವೀರ ಕೇಳಿ ಪಡೆದ ಕಾಳಿ ಎಂಬ ನಾಯಿಯ ನೆನಪನ್ನೂ ಹೊತ್ತಿದೆ. ಕಾಳಿ ಕಾಡುಹಂದಿಯೊಂದರ ಮೇಲೆ ಎರಗಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಎದೆಗಾರಿಕೆಯ ನಾಯಿಗೆ ಕಲ್ಲು ನೆಡಿಸಿ ಪೂಜೆಗೆ ಭೂಮಿ ಬಿಟ್ಟ ನಾಡು ನಮ್ಮದು, ಅದು ನನಗೆ ಹೆಮ್ಮೆಯೇ. ಆದರೂ ಕೆಂಚಿಯೊಂದಿಗೆ ಆ ಕಟ್ಟಡದ ಹಿಂದೆ ಹಾದುಹೋಗುವಾಗ, ಹೆದರಿಕೆಯಿಂದ ನಡುಗುತ್ತಲೇ ಒಂದು ಹೆಜ್ಜೆ ಮುಂದಿಡುವ ಪ್ರಾಣಿಗೆ ಬೇಕಾಗುವ ಧೈರ್ಯ ಹಂದಿಯ ಮೇಲೆ ಎರಗುವುದಕ್ಕೆ ಬೇಕಾದದ್ದಕ್ಕಿಂತ ಕಡಿಮೆಯೆಂದು ನಾನು ಒಪ್ಪಲಾರೆ.

ಕಲ್ಲುಬೆಂಚಿನ ಹಿರಿಯರು

ಕಳೆದ ವರ್ಷದ ಬೇಸಿಗೆಯಲ್ಲಿ, ಬಿದಿರುಮೆಳೆಗಳ ತಿರುವಿನಲ್ಲಿ, ಎಂಬತ್ತರ ಹತ್ತಿರವಿರುವ ಒಬ್ಬ ಹಿರಿಯರು ಅನಿರೀಕ್ಷಿತವಾಗಿ ನಮಗೆ ಎದುರಾದರು. ನಮ್ಮ ನಡುವೆ ಐದು ಹೆಜ್ಜೆಗಳೂ ಇರಲಿಲ್ಲ. ಅವರು ಊರುಗೋಲನ್ನು ಅಡ್ಡ ಹಿಡಿದರು, ಕೆಂಚಿ ಬೊಗಳಿದಳು, ನಾನು “ಬಾ ಹೋಗೋಣ” ಎಂದು ತಿರುಗಿದೆ. ತಿರುಗುವಾಗ ಅವರ ಎಡಗೈ ಕಣ್ಣಿಗೆ ಬಿತ್ತು. ಅದು ಮುಖವನ್ನಾಗಲಿ ಕಾಲನ್ನಾಗಲಿ ಮರೆಮಾಡಿಕೊಂಡಿರಲಿಲ್ಲ, ಹೊಟ್ಟೆಯನ್ನು ಮುಚ್ಚಿಕೊಂಡಿತ್ತು.

ಮರುದಿನ ಅವರು ಕಲ್ಲುಬೆಂಚಿನ ಮೇಲೆ ಕುಳಿತಿರುವುದನ್ನು ದೂರದಿಂದ ಕಂಡು, ಕೆಂಚಿಯನ್ನು ನಲವತ್ತು ಹೆಜ್ಜೆ ಈಚೆಗೆ ನಿಲ್ಲಿಸಿಕೊಂಡು, “ನಿನ್ನೆಯದಕ್ಕೆ ಕ್ಷಮಿಸಬೇಕು ಸರ್” ಎಂದು ದನಿಯೆತ್ತಿ ಹೇಳಿದೆ. ಅವರು ಅಲ್ಲಿಂದಲೇ, ತಾವು ತುಮಕೂರು ಸೀಮೆಯ ಹಳ್ಳಿಯವರೆಂದೂ ಒಂಬತ್ತನೆಯ ವಯಸ್ಸಿನಲ್ಲಿ ತಮಗೆ ನಾಯಿ ಕಚ್ಚಿತ್ತೆಂದೂ ಹೇಳಿದರು. ಅವರ ತಂದೆ ಹದಿನಾಲ್ಕು ದಿನ ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪೇಟೆಯ ಆಸ್ಪತ್ರೆಗೆ ಕರೆದೊಯ್ದಿದ್ದರು, ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚುಮದ್ದು. ಕುರಿಯ ಮಿದುಳಿನ ಅಂಗಾಂಶದಿಂದ ತಯಾರಿಸುತ್ತಿದ್ದ ಆ ರೇಬೀಸ್ ಲಸಿಕೆ ಈ ಶತಮಾನದ ಆರಂಭದವರೆಗೂ ನಮ್ಮಲ್ಲಿ ಬಳಕೆಯಲ್ಲಿತ್ತು; ಈಗ ತೋಳಿಗೆ ನಾಲ್ಕೈದು ಬಾರಿ ಕೊಡುವ ಲಸಿಕೆ ಬಂದಿದೆ. “ನಾಯಿ ಕಚ್ಚಿದ್ದು ನೆನಪಿಲ್ಲಮ್ಮ, ಸೂಜಿ ನೆನಪಿದೆ. ನಾಯಿ ಕಂಡರೆ ಈಗಲೂ ಕೈ ಹೊಟ್ಟೆಗೆ ಹೋಗುತ್ತದೆ” ಎಂದರು. ನಾನು ಕೆಂಚಿಯ ಕಥೆಯನ್ನು ಹೇಳಿದೆ, ಕೋಲು ಬೀಸುತ್ತಿದ್ದವರ ಕಥೆಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಊರುಗೋಲನ್ನು ಬೆಂಚಿನ ಕೆಳಗೆ, ಅವಳಿಗೆ ಕಾಣದಂತೆ ಮಲಗಿಸಿದರು.

ಅಂದಿನಿಂದ ನಾವು ಒಬ್ಬರಿಗೊಬ್ಬರು ಸಮಯ ಕೊಟ್ಟುಕೊಂಡೆವು. ಆರೂವರೆಗೆ ಅವರು ಬೆಂಚಿನ ಮೇಲಿರುತ್ತಿದ್ದರು. ನಾವು ನಲವತ್ತು ಹೆಜ್ಜೆಯಾಚೆ ಎಡದಿಂದ ಬಲಕ್ಕೆ ಹಾದು, ಬಲದಿಂದ ಎಡಕ್ಕೆ ಮರಳುತ್ತಿದ್ದೆವು. ಕೆಂಚಿ ಅವರನ್ನು ನೋಡುತ್ತಿದ್ದಳು, ಕೋಳಿ ತಿನ್ನುತ್ತಿದ್ದಳು. ಅವರು ಅವಳನ್ನು ನೇರವಾಗಿ ದಿಟ್ಟಿಸದೆ ಓರೆಯಾಗಿ ಕುಳಿತುಕೊಳ್ಳುವುದನ್ನು ಕಲಿತರು. ನಾನು ಅವಳ ಕಿವಿಗಳನ್ನೂ ಅವರ ಎಡಗೈಯನ್ನೂ ಒಟ್ಟಿಗೆ ನೋಡುವುದನ್ನು ಕಲಿತೆ. ಮೂವತ್ತೈದಕ್ಕೆ ಬಂದಾಗ ಕೈ ಮಡಿಲಿನಲ್ಲಿತ್ತು. ಇಪ್ಪತ್ತಕ್ಕೆ ಬಂದ ಮೊದಲ ದಿನ ಮೆಲ್ಲಗೆ ಹೊಟ್ಟೆಯ ಕಡೆಗೆ ಸರಿಯಿತು, ಅವರು ಏನೂ ಹೇಳದಿದ್ದರೂ ನಾವು ಇಪ್ಪತ್ತೈದಕ್ಕೆ ಹಿಂದೆ ಹೋದೆವು. ಕೆಲವು ದಿನ ಅವರೇ, “ಇವತ್ತು ಬೇಡಮ್ಮ, ರಾತ್ರಿ ನಿದ್ದೆಯಿಲ್ಲ” ಎನ್ನುತ್ತಿದ್ದರು. ಕೆಲವು ದಿನ ಕೆಂಚಿ ತುಟಿ ನೆಕ್ಕಿ ಬೇಡವೆನ್ನುತ್ತಿದ್ದಳು. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಸಾಕಾಗಿತ್ತು.

2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನು ತರುವುದನ್ನೇ ನಿಷೇಧಿಸುವ ಪ್ರಸ್ತಾಪ ತೋಟಗಾರಿಕೆ ಇಲಾಖೆಯಿಂದ ಬಂದು, ನಾಯಿ ಸಾಕುವವರ ವಿರೋಧದ ನಂತರ ಅದು ನಿಂತಿತು. ಆಗ ನನ್ನ ಬಳಿ ನಾಯಿಯಿರಲಿಲ್ಲ, ಆ ವಾದವನ್ನು ಪತ್ರಿಕೆಯಲ್ಲಿ ಓದಿ ಮಡಚಿಟ್ಟಿದ್ದೆ. ಹಗ್ಗ ಬಿಚ್ಚಿ ಬಿಡುತ್ತಾರೆ, ಹೇಸಿಗೆಯನ್ನು ಎತ್ತುವುದಿಲ್ಲ, ಮಕ್ಕಳೂ ಮುದುಕರೂ ಹೆದರುತ್ತಾರೆ ಎಂಬುದು ದೂರು. ಆ ದೂರು ಸುಳ್ಳಲ್ಲ. “ನಮ್ಮದು ಫ್ರೆಂಡ್ಲಿ” ಎಂದು ಐವತ್ತು ಅಡಿ ದೂರದಿಂದ ಕೂಗುತ್ತ, ಹಗ್ಗವಿಲ್ಲದ ನಾಯಿ ಕೆಂಚಿಯ ಮೇಲೆ ನುಗ್ಗುವುದನ್ನು ಪ್ರೀತಿಯಿಂದ ನೋಡುವವರು ಇಂದಿಗೂ ಇದ್ದಾರೆ. ಅವರಿಂದ ಆಗುವ ಕೇಡು ಆ ಹಿರಿಯರಿಗೂ ಕೆಂಚಿಗೂ ಸಮನಾದದ್ದು. ಉದ್ಯಾನ ಯಾರದೆಂಬ ಜಗಳದಲ್ಲಿ ನಾಯಿಯವರು ಒಂದು ಪಕ್ಷ, ನಾಯಿಗೆ ಹೆದರುವವರು ಇನ್ನೊಂದು ಪಕ್ಷ ಎನ್ನುವುದು ನನಗೆ ಈಗ ಸರಿಕಾಣುವುದಿಲ್ಲ. ಕಟ್ಟಿದ ಹಗ್ಗ, ಕೇಳಿ ಹತ್ತಿರ ಬರುವ ರೂಢಿ, ಹಿಂದೆ ಸರಿಯಲು ಬಿಟ್ಟ ಜಾಗ, ಇವು ಕೆಂಚಿಗೆ ಬೇಕಾದವು. ಆ ಹಿರಿಯರಿಗೂ ಬೇಕಾದವು ಇವೇ.

ಏಳು ತಿಂಗಳಾದ ಮೇಲೆ, ಮಾಗಿಯ ಚಳಿಯಲ್ಲಿ, ನಾವು ಆರು ಹೆಜ್ಜೆಗೆ ಬಂದೆವು. ಆ ದಿನ ಅವರು ಕೋಟಿನ ಜೇಬಿನಿಂದ ಒಂದು ಬಿಸ್ಕತ್ತನ್ನು ತೆಗೆದು, “ಕೊಡಬಹುದೇನಮ್ಮ?” ಎಂದು ಕೇಳಿದರು. ಕೈಯಿಂದ ಬೇಡ, ನೆಲಕ್ಕೆ ಎಸೆಯಿರಿ, ಅವಳ ಮುಂದೆ ಅಲ್ಲ, ಅವಳ ಹಿಂದಕ್ಕೆ ಬೀಳುವಂತೆ ಎಸೆಯಿರಿ ಎಂದೆ. ತಿಂಡಿಗಾಗಿ ಅವಳು ಹೆದರಿಕೆಯ ಕಡೆಗೆ ನಡೆಯುವಂತಾಗಬಾರದು. ಬಿಸ್ಕತ್ತು ಹಿಂದೆ ಬಿದ್ದಿತು, ಕೆಂಚಿ ಹೋಗಿ ತಿಂದಳು, ತಿರುಗಿ ತಾನಾಗಿಯೇ ಆರು ಹೆಜ್ಜೆಗೆ ಬಂದು ನಿಂತು ಅವರನ್ನು ನೋಡಿದಳು. ಅವರ ಎರಡೂ ಕೈಗಳು ಮೊಣಕಾಲುಗಳ ಮೇಲಿದ್ದವು. ಅವಳನ್ನು ಮುಟ್ಟಬೇಕೆಂದು ಅವರು ಇದುವರೆಗೂ ಕೇಳಿಲ್ಲ, ಮುಟ್ಟಿಸಿಕೊಳ್ಳಬೇಕೆಂದು ಅವಳೂ ಮುಂದೆ ಹೋಗಿಲ್ಲ.

ಈ ವರ್ಷ ಮುಂಗಾರಿನ ಮೊದಲ ವಾರ ಅವರು ದೊಡ್ಡ ಕಪ್ಪು ಛತ್ರಿ ಹಿಡಿದು ಬಂದರು. ಕೆಂಚಿ ಅವರನ್ನು ಗುರುತಿಸಲೇ ಇಲ್ಲ. ಹಗ್ಗದ ತುದಿಯವರೆಗೆ ಹಿಂದೆ ಸರಿದು, ಬಾಲವನ್ನು ಹೊಟ್ಟೆಯಡಿಗೆ ಸೇರಿಸಿಕೊಂಡು ಬೊಗಳಿದಳು. ಏಳು ತಿಂಗಳ ಹೆಜ್ಜೆಗಳು ಒಂದು ಛತ್ರಿಯಡಿ ಹೋದವೆಂದು ನನಗೆ ಅಳು ಬಂದಂತಾಯಿತು. ಅವರು ಆ ಮಳೆಯಲ್ಲಿಯೇ ಛತ್ರಿಯನ್ನು ಮಡಚಿ, ತೋಯುತ್ತ ನಿಂತು, ನಮಗೆ ಹೋಗಲು ಕೈಸನ್ನೆ ಮಾಡಿದರು. ಮರುದಿನ ಮಳೆಯಿರಲಿಲ್ಲ, ಆಕಾಶ ತಿಳಿಯಾಗಿತ್ತು. ನಾವು ದೂರದಿಂದ ಬರುವಾಗಲೇ ಕಂಡಿತು: ಅವರು ಬೆಂಚಿನ ಮೇಲೆ ಎಂದಿನಂತೆ ಓರೆಯಾಗಿ ಕುಳಿತಿದ್ದರು, ಅವರ ಪಕ್ಕದಲ್ಲಿ ಹುಲ್ಲಿನ ಮೇಲೆ ಛತ್ರಿಯನ್ನು ಬಿಚ್ಚಿಟ್ಟಿದ್ದರು. ಕೆಂಚಿ ನಲವತ್ತು ಹೆಜ್ಜೆಯಾಚೆ ನಿಂತಳು, ಛತ್ರಿಯನ್ನು ನೋಡಿದಳು, ನಾನು ಚೀಲಕ್ಕೆ ಕೈ ಹಾಕಿದೆ. ಅಲ್ಲಿಂದೀಚೆಗೆ ಮಳೆ ಬರಲಿ ಬಿಡಲಿ, ಅವರು ದಿನವೂ ಅದನ್ನು ತರುತ್ತಾರೆ, ದಿನವೂ ಬಿಚ್ಚಿಡುತ್ತಾರೆ. ನಿನ್ನೆ ಅಳೆದಾಗ ಇಪ್ಪತ್ತಾರು ಹೆಜ್ಜೆಗಳಿದ್ದವು.